ಗಯಾನಕ್ಕೆ ಹೋಗುವವರಿಗೆ

ಕೆಲವು ವರ್ಷಗಳ ಹಿಂದೆ ಒಂದು ಜುಲೈ ತಿಂಗಳಲ್ಲಿ ಮಡಿಕೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಘಾಟಿ ಇಳಿದು ಕಲ್ಲುಗುಂಡಿಯಲ್ಲಿ ಬಸ್ಸು ನಿಂತಾಗ ಒಬ್ಬರು ಮುದುಕರು ಹತ್ತಿ ನನ್ನ ಪಕ್ಕದಲ್ಲಿ ಕೂತರು. ಮೈಮೇಲೆ ಹಳೆಯ ಮಿಲಿಟರಿ ಕೋಟು. ಅದು ಪೂರ್ತಿ ತೊಯ್ದಿತ್ತು. ಒದ್ದೆ ಉಣ್ಣೆಯ ವಾಸನೆ, ಅದರ ಒಳಗಿನಿಂದ ನುಸಿಗುಳಿಗೆಯ ವಾಸನೆ. "ನಿಮಗೆ ತೊಂದರೆ ಆಯ್ತಾ ಅಮ್ಮ?" ಎಂದು ಅವರು ಕೇಳಿದರು. ಇಲ್ಲ ಎಂದೆ. ಸುಳ್ಯ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಅಂಥದೇ ಒಂದು ಕೋಟನ್ನು ಒಂದು ಮಳೆಗಾಲ ಪೂರ್ತಿ ಕುಂಬ್ರದ ಒಂದು ಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಹಾಕಿದ್ದೆವು. ಆ ಮಳೆಗಾಲದ ಬಗ್ಗೆ ನಾನು ಯಾರಲ್ಲೂ ಪೂರ್ತಿ ಹೇಳಿದ್ದಿಲ್ಲ.

ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ. ನನಗೆ ಇಪ್ಪತ್ತೆರಡು. ಸುಳ್ಯದ ಕಡೆಯ ಗೌಡರ ಮನೆಯವಳು. ಮನೆಯಲ್ಲಿ ಅರೆಭಾಷೆ, ಹೊರಗೆ ತುಳು, ಪುಸ್ತಕದಲ್ಲಿ ಕನ್ನಡ. ಟ್ರೈನಿಂಗ್ ಮುಗಿಸಿ ಕುಂಬ್ರದ ಶಾಲೆಗೆ ಟೀಚರಾಗಿ ಬಂದಿದ್ದೆ. ಕುಂಬ್ರ ಆಗ ನಾಲ್ಕು ಅಂಗಡಿ, ಒಂದು ಹೋಟೆಲು, ಬಸ್ಸು ನಿಲ್ಲುವ ಒಂದು ಮರ, ಇಷ್ಟೇ. ಆ ನಾಲ್ಕು ಅಂಗಡಿಗಳಲ್ಲಿ ಒಂದು ಇದ್ದಿನಬ್ಬರದು. ಜಿನಸು, ಒಣಮೀನು, ಸೀಮೆಎಣ್ಣೆ ಎಲ್ಲ ಸಿಗುತ್ತಿತ್ತು. ಅಂಗಡಿಯ ಹಿಂದೆ ಅವರ ಮನೆ. ಮನೆಯ ಹೊರಬದಿಯಲ್ಲಿ ಒಂದು ಕೋಣೆ ಖಾಲಿ ಇತ್ತು. ನನ್ನ ಅಪ್ಪ ಬಾಡಿಗೆಗೆ ಕೇಳಲು ಬಂದು, ಹೇಗೆ ಕೇಳುವುದೆಂದು ತಿಳಿಯದೆ ನಿಂತಿದ್ದಾಗ ಇದ್ದಿನಬ್ಬರೇ ಹೇಳಿದರು: "ನನಗೂ ತಂಗಿ ಇದ್ದಾಳೆ ಗೌಡ್ರೆ. ಇವರೂ ಹಾಗೆ ಇರ್ಲಿ. ಬೇರೆ ಒಲೆ ಉಂಟು, ಬಾವಿ ಹತ್ರ ಉಂಟು. ನೀವೆಂತ ಯೋಚನೆ ಮಾಡುದು ಬೇಡ."

ಆ ತಂಗಿಯೇ ಸಾರಮ್ಮ. ನನಗಿಂತ ಮೂರು ನಾಲ್ಕು ವರ್ಷ ದೊಡ್ಡವಳು. ಗಂಡ ಹಸೈನಾರ್ ಮೊದಲು ಪುತ್ತೂರಿನ ಅಕ್ಕಿಮಿಲ್ಲಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ಅಲ್ಲಿಂದ ಬೊಂಬಾಯಿಗೆ ಹೋಗಿ ಹಡಗಿನ ಎಂಜಿನ್ ಕೆಲಸಕ್ಕೆ ಸೇರಿದ. ಆ ಹಡಗು ಅವನನ್ನು ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನ ಎಂಬ ದೇಶಕ್ಕೆ ಮುಟ್ಟಿಸಿತು. ಅಲ್ಲಿ ಬೇಕಾದಷ್ಟು ಅಕ್ಕಿಮಿಲ್ಲುಗಳಿದ್ದವು. ಎಂಜಿನ್ ಗೊತ್ತಿದ್ದವರು ಕಡಿಮೆ. ಹಸೈನಾರ್ ಅಲ್ಲೇ ನಿಂತ. ಹೊರಟಾಗ ಸಾರಮ್ಮನಿಗೆ ನಾಲ್ಕು ತಿಂಗಳು. ಹುಟ್ಟಿದ ಮಗಳು ಮೈಮುನಾ, ಎಲ್ಲರ ಬಾಯಲ್ಲಿ ಮೈಮು, ನಾನು ಹೋದಾಗ ಆರು ವರ್ಷದವಳು; ನನ್ನ ಒಂದನೇ ಕ್ಲಾಸಿನಲ್ಲೇ ಕೂರುತ್ತಿದ್ದಳು. ಅಪ್ಪ ಎಂದರೆ ಅವಳಿಗೆ ಒಂದು ಫೋಟೋ, ವರ್ಷಕ್ಕೆ ಎರಡು ಮೂರು ಕಾಗದ.

ಆ ವರ್ಷ ಮಳೆ ಶುರುವಾಗುವ ವಾರದಲ್ಲಿ ಒಂದು ದಪ್ಪ ಲಕೋಟೆ ಬಂತು. ಒಳಗೆ ಹೆಂಡತಿ ಮಗಳು ಇಬ್ಬರಿಗೂ ಆ ದೇಶದೊಳಗೆ ಬರಲು ಸಿಕ್ಕಿದ ಅನುಮತಿ ಪತ್ರ. ಅದಕ್ಕಾಗಿ ಹಸೈನಾರ್ ಮೂರು ವರ್ಷ ಅಲೆದಿದ್ದ. ಆ ಡಿಸೆಂಬರ್ ಮುಗಿಯುವುದರೊಳಗೆ ಬಂದು ಸೇರಬೇಕಿತ್ತು. ಜೊತೆಗೆ ಅವನ ಕನ್ನಡದ ಕಾಗದ, ಮತ್ತು ಹಡಗಿನ ಕಂಪೆನಿಯವರು ಅಚ್ಚು ಹಾಕಿಸಿದ ಇಂಗ್ಲಿಷ್ ಪುಸ್ತಕ, ಸಣ್ಣ ಅಕ್ಷರದ ನಲವತ್ತು ಪುಟ. ಗಯಾನಕ್ಕೆ ಹೋಗುವವರು ಏನು ತರಬೇಕು, ಏನು ತರಬಾರದು, ಎಲ್ಲಿ ಇಳಿಯಬೇಕು, ಯಾವ ಕಾಗದ ತೋರಿಸಬೇಕು ಎಂಬುದೆಲ್ಲ ಅದರಲ್ಲಿತ್ತು. ಹಸೈನಾರನಿಗೆ ಇಂಗ್ಲಿಷ್ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. "ಅಲ್ಲಿ ಯಾರಾದರೂ ಕಲಿತವರ ಹತ್ತಿರ ಓದಿಸಿ, ಹೇಳಿದ ಹಾಗೆ ಮಾಡಬೇಕು" ಎಂದು ಬರೆದಿದ್ದ.

ಸಾರಮ್ಮ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಕೋಣೆಗೆ ಬಂದಳು. "ಟೀಚರೆ, ಇದರಲ್ಲಿ ಎಂತ ಉಂಟು ಅಂತ ನನಗೆ ಹೇಳ್ತೀರಾ? ಇಡೀ ಪುಸ್ತಕ. ಒಂದು ಬಿಡದೆ."

ಹೇಳುತ್ತೇನೆ ಎಂದೆ. ಇಂಗ್ಲಿಷ್ ಓದುವವಳೆಂಬ ಹೆಮ್ಮೆ ನನಗಿತ್ತು. ಇನ್ನೂರು ಪುಟದ ಒಂದು ನೋಟ್ ಪುಸ್ತಕ ತಂದು, ಮೊದಲ ಪುಟದಲ್ಲಿ ದುಂಡಗೆ 'ಗಯಾನಕ್ಕೆ ಹೋಗುವವರಿಗೆ' ಎಂದು ಬರೆದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಶಾಲೆ ಬಿಟ್ಟ ಮೇಲೆ ಅದೇ ಕೆಲಸ. ನಾನು ಒಂದು ಪ್ಯಾರಾ ಓದಿ ಕನ್ನಡ ಮಾಡಿ ಹೇಳುವುದು, ಅವಳು ತಡೆದು ಕೇಳುವುದು, ಆಮೇಲೆ ಬರೆಯುವುದು. ಸಾರಮ್ಮ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಾ ಕೇಳುವಳು. ಕುರಾನು ಓದಲು ಕಲಿತಿದ್ದಳೇ ಹೊರತು ಕನ್ನಡ ಅಕ್ಷರ ಅವಳಿಗೆ ಬರುತ್ತಿರಲಿಲ್ಲ. ನಾನು ಬರೆದುಕೊಟ್ಟರೆ ಹಡಗಿನಲ್ಲಿ ಓದುವವರು ಯಾರು ಎಂಬ ಪ್ರಶ್ನೆ ಎರಡನೆಯ ದಿನವೇ ಬಂತು. ಹಾಗಾಗಿ ತಾಯಿ ಮಗಳು ಇಬ್ಬರಿಗೂ ಒಂದೇ ಸ್ಲೇಟಿನಲ್ಲಿ ಅಕ್ಷರಾಭ್ಯಾಸ ಶುರುವಾಯಿತು. ಮೈಮು ಬೇಗ ಕಲಿತಳು. ತಾಯಿ 'ಣ' ಬರೆದದ್ದು ಸರಿಯಿಲ್ಲವೆಂದು ಮಗಳು ತಿದ್ದುವಳು. ಸಾರಮ್ಮ ಬೀಡಿಯ ಎಲೆಯಿಂದ ಅವಳ ಕೈಗೆ ಮೆಲ್ಲಗೆ ಹೊಡೆಯುವಳು.

ಹಸೈನಾರನ ಕಾಗದ ನಮಗೆ ಬಾಯಿಪಾಠ ಆಗಿತ್ತು. "ಇಲ್ಲಿ ನೆಲ ಸಮುದ್ರಕ್ಕಿಂತ ತಗ್ಗು. ಅದಕ್ಕೆ ಮನೆಗಳನ್ನು ಕಂಬದ ಮೇಲೆ ಕಟ್ಟುದು. ಮರದ ಮೆಟ್ಟಿಲು ಹತ್ತಬೇಕು, ಹೆದರುದು ಬೇಡ. ಹೊಳೆಯ ನೀರು ಚಾದ ಬಣ್ಣ, ಅದು ಕುಡಿಯುದಲ್ಲ. ಮಾಡಿನ ನೀರು ಹಿಡಿದಿಟ್ಟು ಕುಡಿಯುದು. ವರ್ಷಕ್ಕೆ ಎರಡು ಮಳೆಗಾಲ. ಅಕ್ಕಿ ಉಂಟು, ತೆಂಗು ಉಂಟು, ಮೀನು ಉಂಟು. ಇಲ್ಲದ್ದು ಪುನರ್ಪುಳಿ. ಒಣಗಿಸಿ ತರಬೇಕು. ಮಣ್ಣು ತಾಗಿದ ಗಿಡ ಗಡ್ಡೆ ತರಬಾರದು, ಬಂದರದಲ್ಲಿ ಎಸೆಯುತ್ತಾರೆ. ನಮ್ಮ ಹಾಗೆ ಕಾಣುವವರು ತುಂಬ ಜನ ಇದ್ದಾರೆ. ಅವರ ಅಜ್ಜಂದಿರು ಕಬ್ಬಿನ ಗದ್ದೆಯ ಕೆಲಸಕ್ಕೆ ಬಂದವರು. ಮುಖ ನೋಡಿ ನಮ್ಮ ಭಾಷೆಯಲ್ಲಿ ಮಾತಾಡಿಸಬೇಡ, ಅವರಿಗೆ ಬರುದಿಲ್ಲ. ನಾನು ಮೊದಲ ವಾರ ಹಾಗೆ ಮಾಡಿ ನಾಚಿಕೊಂಡೆ."

ಪುಸ್ತಕದ್ದು ಬೇರೆ ದಾರಿ. ಬೊಂಬಾಯಿಯಿಂದ ಲಂಡನ್ನಿಗೆ ಮೂರು ವಾರ. ಅಲ್ಲಿ ಹಡಗು ಬದಲಿಸಬೇಕು, ಚಳಿ ಕಠಿಣ, ಪ್ರತಿಯೊಬ್ಬರಿಗೂ ಉಣ್ಣೆಯ ಕೋಟು ಇರಬೇಕು. ಅಲ್ಲಿಂದ ಮತ್ತೆ ಎರಡು ಮೂರು ವಾರ. ಹಡಗಿನ ಚೀಟಿ, ಪಾಸ್‌ಪೋರ್ಟು, ಸಿಡುಬಿನ ಚುಚ್ಚುಮದ್ದಿನ ಕಾಗದ ಮೂರನ್ನೂ ಪೆಟ್ಟಿಗೆಯಲ್ಲಿಡದೆ ಮೈಮೇಲೆ ಇಟ್ಟುಕೊಳ್ಳಬೇಕು. ಮಕ್ಕಳನ್ನು ಹಡಗಿನ ಕಂಬಿಯ ಹತ್ತಿರ ಬಿಡಬಾರದು. ಸೊಳ್ಳೆಪರದೆ ಕಡ್ಡಾಯ. ಅಪರಿಚಿತರು ಸಾಮಾನು ಹೊರಲು ಬಂದರೆ ಅವರ ತೋಳಿನ ಬಿಲ್ಲೆಯ ನಂಬರು ನೋಡಿಕೊಳ್ಳಬೇಕು.

ಕೋಟಿನ ಮಾತು ಬಂದಾಗ ಸಾರಮ್ಮ ಕಂಗಾಲಾದಳು. ಕುಂಬ್ರದಲ್ಲಿ ಉಣ್ಣೆಯ ಕೋಟು ಯಾರು ಕಂಡಿದ್ದರು? ಕಲ್ಲುಗುಂಡಿಯಲ್ಲಿ ನನ್ನ ಸೋದರಮಾವ ಇದ್ದರು. ಮಡಿಕೇರಿಯಲ್ಲಿ ಅವರಿಗೆ ಮಿಲಿಟರಿ ಬಿಟ್ಟು ಬಂದ ಸ್ನೇಹಿತರಿದ್ದರು. ಅವರ ಮೂಲಕ ಒಂದು ದೊಡ್ಡ ಕೋಟು ಬಂತು, ಮೊಣಕಾಲಿನವರೆಗೆ ಇಳಿಯುವುದು. ಕುಂಬ್ರದ ದರ್ಜಿ ಅದನ್ನು ಬಿಚ್ಚಿ ಸಾರಮ್ಮನಿಗೊಂದು, ಉಳಿದ ಬಟ್ಟೆಯಲ್ಲಿ ಮೈಮುಗೊಂದು ಪುಟ್ಟ ಕೋಟು ಹೊಲಿದ. ಆ ಮಳೆಗೆ ಉಣ್ಣೆ ಒಣಗಲೇ ಇಲ್ಲ. ಒಲೆಯ ಮೇಲೆ ಹಾಕಿದ್ದ ಎರಡು ಕೋಟುಗಳ ವಾಸನೆ ಮನೆಯ ತುಂಬ ಇರುತ್ತಿತ್ತು. ಸಾರಮ್ಮನ ತಾಯಿ ಬೀಪಾತುಮ್ಮ ಮೂಗು ಮುಚ್ಚಿಕೊಂಡು, "ಕುರಿಯನ್ನು ಮನೆಯೊಳಗೆ ಕಟ್ಟಿದ ಹಾಗೆ ಆಯ್ತು" ಎನ್ನುವರು.

ಬೀಪಾತುಮ್ಮನಿಗೆ ಮಗಳು ಹೋಗುವುದು ಇಷ್ಟವಿರಲಿಲ್ಲ. ಹೋಗಬೇಡ ಎಂದು ಬಾಯಿ ಬಿಟ್ಟು ಹೇಳಿದವರೂ ಅಲ್ಲ. ಗಂಡ ಕರೆದಿದ್ದಾನೆ, ಹೇಗೆ ಹೇಳುವುದು? ನಾವು ಬರೆಯುವಾಗ ಬಾಗಿಲ ಬಳಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಾ ನಡುವೆ ನಡುವೆ ಒಂದು ಪ್ರಶ್ನೆ ಹಾಕುವರು. ಆ ಪ್ರಶ್ನೆಗಳಿಗೆ ಸಾರಮ್ಮನ ಬೆರಳು ಬೀಡಿಯ ಮೇಲೆ ನಿಂತುಬಿಡುತ್ತಿತ್ತು.

ಆಟಿ ತಿಂಗಳ, ಅಂದರೆ ಆಷಾಢದ ಹೊತ್ತಿನ ಒಂದು ಸಂಜೆ. ಹೊರಗೆ ಕತ್ತಲೆ ಕಟ್ಟಿದ ಮಳೆ. ನಾವು ಆರೋಗ್ಯದ ಅಧ್ಯಾಯಕ್ಕೆ ಬಂದಿದ್ದೆವು. ಚುಚ್ಚುಮದ್ದಿನದು ಬರೆದಾಗಿತ್ತು. ಬೀಪಾತುಮ್ಮ ನನ್ನನ್ನು ಕೇಳಿದರು: "ಮಗಳೇ, ಹಡಗಿನಲ್ಲಿ ಯಾರಾದ್ರೂ ಸತ್ರೆ ಸಮುದ್ರಕ್ಕೆ ಹಾಕುದಂತೆ, ಹೌದಾ? ನಿನ್ನ ಪುಸ್ತಕದಲ್ಲಿ ಅದು ಉಂಟಾ?"

"ಇಲ್ಲ ಬೀಪಾತುಮ್ಮ, ಅದೆಲ್ಲ ಇಲ್ಲ."

"ಬರೆಯದಿದ್ರೂ ಹಾಕ್ತಾರೆ. ಮಣ್ಣಾದ್ರೂ ಸಿಗುದಿಲ್ಲ."

ಸಾರಮ್ಮ ಮೊರವನ್ನು ಕೆಳಗಿಟ್ಟಳು. ಕಣ್ಣು ತುಂಬಿತ್ತು. ನಾನು ಪುಟ ತಿರುಗಿಸಿದೆ. ಅಲ್ಲಿ ನಾಲ್ಕು ಸಾಲು. ಈ ಕೆಳಗಿನ ರೋಗಗಳು ಇರುವವರನ್ನು ಹಡಗು ಹತ್ತಿಸುವುದಿಲ್ಲ, ಹತ್ತಿದರೂ ಇಳಿಸುವುದಿಲ್ಲ. ಕ್ಷಯ, ಕುಷ್ಠ, ಹುಚ್ಚು, ಆಮೇಲೆ 'ಟ್ರಕೋಮ' ಎಂಬ ಒಂದು ಶಬ್ದ. ಅದರ ಅರ್ಥ ನನಗೆ ಗೊತ್ತಿರಲಿಲ್ಲ. ಕ್ಷಯ ಕುಷ್ಠಗಳ ಹೆಸರನ್ನು ಆ ಹೊತ್ತಿನಲ್ಲಿ ಆ ತಾಯಿಯ ಮುಂದೆ ಓದಲು ನನಗೆ ಮನಸ್ಸು ಬರಲಿಲ್ಲ. ಈ ಮನೆಯಲ್ಲಿ ಯಾರಿಗೂ ಇಲ್ಲದ ರೋಗಗಳು, ಯಾಕೆ ಓದಬೇಕು ಎಂದುಕೊಂಡೆ. ಗೊತ್ತಿಲ್ಲದ ಶಬ್ದವನ್ನು ನಾಳೆ ಶಾಲೆಯ ಡಿಕ್ಷನರಿಯಲ್ಲಿ ನೋಡಿದರಾಯಿತು ಎಂದುಕೊಂಡೆ. "ಇನ್ನು ಸಾಮಾನಿನ ಅಧ್ಯಾಯ" ಎಂದು ಮುಂದಕ್ಕೆ ಹೋದೆ.

ಮರುದಿನ ಶಾಲೆಯ ಮಾಡು ಸೋರಿ ಪುಸ್ತಕದ ಕಪಾಟನ್ನು ಎತ್ತಿ ಇಡುವುದೇ ಕೆಲಸವಾಯಿತು. ಅದರ ಮರುದಿನ ನಾನು ಮರೆತಿದ್ದೆ.

ಮೈಮುವಿನ ಕಣ್ಣು ಬೆಳಿಗ್ಗೆ ಅಂಟಿಕೊಂಡಿರುತ್ತಿತ್ತು. ಸಾರಮ್ಮ ನಂದಿಬಟ್ಟಲು ಹೂವನ್ನು ನೀರಿನಲ್ಲಿ ನೆನೆಸಿ ಆ ನೀರು ಹಾಕಿ ತೊಳೆಯುವಳು. ಕೆಂಪಾಗುವುದು, ಇಳಿಯುವುದು, ಮತ್ತೆ ಕೆಂಪಾಗುವುದು. ನನ್ನ ಕ್ಲಾಸಿನಲ್ಲಿ ಅರ್ಧ ಮಕ್ಕಳ ಕಣ್ಣು ಮಳೆಗಾಲದಲ್ಲಿ ಹಾಗೇ ಇರುತ್ತಿತ್ತು. ನಾನು ದಿನಾ ಆ ಕಣ್ಣುಗಳ ಎದುರು ನಿಂತು ಪಾಠ ಮಾಡುತ್ತಿದ್ದೆ.

ಪಾಸ್‌ಪೋರ್ಟಿಗೆ ಫೋಟೋ ಬೇಕಾಯಿತು. ಒಂದು ಶನಿವಾರ ಪುತ್ತೂರಿನ ಸ್ಟುಡಿಯೋಗೆ ಹೋದೆವು. ಸಾರಮ್ಮ ಅದುವರೆಗೆ ಫೋಟೋ ತೆಗೆಸಿಕೊಂಡವಳಲ್ಲ. ತಲೆಯ ಬಟ್ಟೆ ಸ್ವಲ್ಪ ಹಿಂದೆ ಸರಿಸಿ ಕಿವಿ ಕಾಣಬೇಕೆಂದು ಫೋಟೋದವರು ಹೇಳಿದಾಗ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದ ಮೇಲೆ ಸರಿಸಿದಳು. ಮೈಮುವಿನದೇ ಕಷ್ಟ. ದೀಪ ಹಚ್ಚಿದ ಕೂಡಲೇ ಅವಳು ಕಣ್ಣು ಮುಚ್ಚುತ್ತಿದ್ದಳು, ನೀರು ಇಳಿಯುತ್ತಿತ್ತು. "ಎಂತ ಮಗು ಮಾರಾಯ್ರೆ, ಕಣ್ಣು ಬಿಡುದೇ ಇಲ್ಲ" ಎಂದು ಫೋಟೋದವರು ನಾಲ್ಕು ಸಲ ಹೊಸದಾಗಿ ಶುರು ಮಾಡಿದರು. ನಾವು ನಕ್ಕೆವು. ಕೊನೆಗೆ ನಾನು ಅವರ ಕ್ಯಾಮೆರಾದ ಹಿಂದೆ ನಿಂತು ಮಗ್ಗಿ ಹೇಳಿಸಿದೆ. ಆರೊಂದ್ಲ ಆರು ಎನ್ನುವಾಗ ತೆಗೆದ ಫೋಟೋ ಅದು.

ಮಳೆ ಹಿಂದೆ ಹೋಗಿ, ನವೆಂಬರಿನ ಬಿಸಿಲು ಬಂತು. ನೋಟ್ ಪುಸ್ತಕ ತುಂಬಿತ್ತು. ಸಾರಮ್ಮ ಅಕ್ಷರ ಕೂಡಿಸಿ, ತಡೆದು ತಡೆದು, ಅದನ್ನು ಮೊದಲಿನಿಂದ ಓದಬಲ್ಲವಳಾಗಿದ್ದಳು. 'ವಾಟರ್', 'ಹಸ್ಬೆಂಡ್', 'ರೈಸ್ ಮಿಲ್', 'ಪ್ಲೀಸ್' ಎಂಬ ಶಬ್ದಗಳನ್ನು ಕಲಿತಿದ್ದಳು. ಇದ್ದಿನಬ್ಬರು ಬೊಂಬಾಯಿಯವರೆಗೆ ಹೋಗಿ ಹಡಗು ಹತ್ತಿಸಿ ಬರುವುದೆಂದು ಆಯಿತು. ಹೊರಡುವ ದಿನ ಬೀಪಾತುಮ್ಮ ಬಸ್ಸಿನವರೆಗೆ ಬರಲಿಲ್ಲ. ಪುನರ್ಪುಳಿಯ ಸಿಪ್ಪೆ ತುಂಬಿದ ಡಬ್ಬಿಯನ್ನು ಮೊಮ್ಮಗಳ ಕೈಗೆ ಕೊಟ್ಟು, ಅವಳ ತಲೆ ಮುಟ್ಟಿ, ಒಳಗೆ ಹೋದರು.

ನಾನು ಪುತ್ತೂರಿನವರೆಗೆ ಜೊತೆಗೆ ಹೋದೆ. ಮಂಗಳೂರಿನ ಬಸ್ಸು ಹತ್ತುವಾಗ ಮೈಮು ಕೇಳಿದಳು: "ಟೀಚರ್, ಅಲ್ಲಿಯ ಶಾಲೆಯಲ್ಲಿ ಪೆಟ್ಟು ಉಂಟಾ?"

"ಪುಸ್ತಕದಲ್ಲಿ ಬರೆದಿಲ್ಲ" ಎಂದೆ.

"ಹಾಗಾದ್ರೆ ಇಲ್ಲ" ಎಂದು ಅವಳು ಸಮಾಧಾನವಾಗಿ ಕೂತಳು. ಸಾರಮ್ಮ ನನ್ನ ಕೈ ಹಿಡಿದುಕೊಂಡು, "ನೀವು ಇಲ್ಲದಿದ್ರೆ ನಾನು ಹೋಗುದೇ ಇಲ್ಲ ಇತ್ತು ಟೀಚರೆ" ಎಂದಳು. ಬಸ್ಸು ಕಬಕದ ಕಡೆ ತಿರುಗಿ ಮರೆಯಾದ ಮೇಲೂ ನಾನು ಅಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಒಳ್ಳೆಯದೊಂದು ಮಾಡಿದೆ ಎಂಬ ಸಂತೋಷ ಇತ್ತು.

ಹದಿನೈದು ದಿನ ಕಳೆದಿರಬಹುದು. ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಜಗಲಿಯಲ್ಲಿ ನಿಂತಿದ್ದೆ. ಬಸ್ಸು ಬಂದು ನಿಂತಿತು. ಇದ್ದಿನಬ್ಬರು ಇಳಿದರು. ಇಳಿದು ಹಿಂದೆ ತಿರುಗಿ ಎರಡೂ ಕೈ ಚಾಚಿ ಒಂದು ಮಗುವನ್ನು ಇಳಿಸಿದರು. ಆ ಬಿಸಿಲಿನಲ್ಲಿ ಮೈಮು ಉಣ್ಣೆಯ ಕೋಟು ಹಾಕಿಕೊಂಡಿದ್ದಳು. ಎಲ್ಲ ಗುಂಡಿಯೂ ಹಾಕಿತ್ತು. ಬಸ್ಸಿನಿಂದ ಇನ್ನು ಯಾರೂ ಇಳಿಯಲಿಲ್ಲ.

ನಾನು ಓಡಿದೆ. ಇದ್ದಿನಬ್ಬರು ಅಂಗಡಿಯ ಮೆಟ್ಟಿಲಿನಲ್ಲಿ ಕೂತಿದ್ದರು.

"ಹಡಗು ಹತ್ತುವ ಮೊದಲು ಒಬ್ಬ ಡಾಕ್ಟರು ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಿ ನೋಡಿದ್ರು" ಎಂದರು. "ಸಾರಮ್ಮನದು ಆಯ್ತು. ಇವಳ ಕಣ್ಣಿನ ರೆಪ್ಪೆ ಮಗುಚಿ ನೋಡಿದ್ರು. ಇನ್ನೊಬ್ಬರನ್ನು ಕರೆದು ತೋರಿಸಿದ್ರು. ರೆಪ್ಪೆಯ ಒಳಗೆ ಕಾಳು ಕಾಳು ಉಂಟು, ಹರಡುವ ರೋಗ, ಮಗುವನ್ನು ಬಿಡುದಿಲ್ಲ ಅಂತ ಹೇಳಿದ್ರು. ನಾನು ಕಾಲು ಹಿಡಿದೆ. ಆಗುದಿಲ್ಲ ಅಂದ್ರು."

"ಸಾರಮ್ಮ?"

"ಹಡಗಿಗೆ ಮೂರು ದಿನ ಇತ್ತು. ಅದು ಬಿಟ್ರೆ ಡಿಸೆಂಬರಿನ ಒಳಗೆ ಮುಟ್ಟುವ ಹಡಗು ಇಲ್ಲ. ಅನುಮತಿ ಮುಗಿದ್ರೆ ಇನ್ನೊಮ್ಮೆ ಸಿಗುದು ಸಂಶಯ. ಮೂರು ದಿನ ಅವಳು ಉಣ್ಣಲಿಲ್ಲ, ಮಗುವನ್ನು ಕೆಳಗೆ ಇಳಿಸಲೂ ಇಲ್ಲ. ನಾನೇ ಹೇಳಿದ್ದು, ನೀನು ಹೋಗು, ತಾಯಿ ತಂದೆ ಅಲ್ಲಿದ್ರೆ ಮಗುವಿಗೆ ಇನ್ನೊಮ್ಮೆ ಅನುಮತಿ ಸಿಗ್ತದೆ, ಮದ್ದು ಮಾಡಿಸಿ ಬರುವ ವರ್ಷ ಯಾರ ಜೊತೆಯಾದ್ರೂ ಕಳಿಸ್ತೇನೆ ಅಂತ. ನಾನೇ ಹೇಳಿದ್ದು." ಅವರು ಟೊಪ್ಪಿ ತೆಗೆದು ಮುಖ ಒರೆಸಿಕೊಂಡರು. "ಹಡಗು ಹೋದ ಮೇಲೆ ಇವಳು ಈ ಕೋಟು ಹಾಕಿ ಅಂತ ಹಠ ಮಾಡಿದ್ಲು. ಅದನ್ನು ಹಾಕಿದ್ರೆ ಬಿಡ್ತಾರೆ ಅಂತ ತಿಳಿದಿದ್ಲು. ಆವತ್ತಿಂದ ತೆಗೆಯಲಿಲ್ಲ."

ನನಗೆ ಆಟಿಯ ಆ ಸಂಜೆ ನೆನಪಾಯಿತು. ಶಾಲೆಗೆ ಹೋಗಿ ಕಪಾಟಿನಿಂದ ಡಿಕ್ಷನರಿ ತೆಗೆದೆ. ಇಂಗ್ಲಿಷ್ ಪುಸ್ತಕ ನನ್ನ ಕೋಣೆಯಲ್ಲೇ ಉಳಿದಿತ್ತು. ಅದನ್ನೂ ತಂದು ಪಕ್ಕದಲ್ಲಿಟ್ಟೆ. ಅರ್ಥ ಒಂದೇ ಸಾಲಿನಲ್ಲಿತ್ತು: ಕಣ್ಣಿನ ಒಂದು ಅಂಟುರೋಗ.

ಮರುದಿನ ರಜೆ ಹಾಕಿ ಮೈಮುವನ್ನು ಪುತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಹಳದಿ ಮುಲಾಮು ಕೊಟ್ಟರು. "ದಿನಕ್ಕೆ ಎರಡು ಸಲ ಹಚ್ಚಿ. ಐದಾರು ತಿಂಗಳಲ್ಲಿ ಗುಣ ಆಗ್ತದೆ. ಮಳೆಗೆ ಮೊದಲೇ ತಂದಿದ್ರೆ ಇಷ್ಟು ಹೊತ್ತಿಗೆ ವಾಸಿ ಆಗ್ತಿತ್ತಲ್ಲ. ನೀವು ಟೀಚರಲ್ವಾ, ನಿಮಗೆ ಕಾಣಲಿಲ್ವಾ?" ಎಂದರು. ಕಠಿಣವಾಗಿ ಹೇಳಿದ್ದಲ್ಲ, ಸಹಜವಾಗಿ ಕೇಳಿದ್ದು.

ಆ ಸಂಜೆ ಬೀಪಾತುಮ್ಮನ ಎದುರು ಕೂತು ಹೇಳಿದೆ. ಪುಸ್ತಕದಲ್ಲಿ ಅದು ಬರೆದಿತ್ತು, ನಾನು ಓದಲಿಲ್ಲ, ಬಿಟ್ಟೆ.

"ಯಾಕೆ ಬಿಟ್ಟದ್ದು?" ಎಂದು ಕೇಳಿದರು.

"ನೀವು ಹೆದರ್ತೀರಿ ಅಂತ."

"ನಾನು ಹೆದರಿಯೇ ಇದ್ದೆ ಮಗಳೇ. ಇನ್ನು ಸ್ವಲ್ಪ ಹೆದರ್ತಿದ್ದೆ, ಅಷ್ಟೇ." ಎದ್ದು ಒಳಗೆ ಹೋದರು. ಕೋಣೆ ಖಾಲಿ ಮಾಡಲು ಹೇಳುತ್ತಾರೆಂದು ನಾನು ಕಾದೆ. ಅವರು ಹೇಳಲಿಲ್ಲ. ಎಂಟು ಹತ್ತು ದಿನ ಮಾತೂ ಆಡಲಿಲ್ಲ. ಆದರೆ ಬೆಳಿಗ್ಗೆ ಸಂಜೆ ಮೈಮುವನ್ನು ನನ್ನ ಕೋಣೆಗೆ ಕಳಿಸುತ್ತಿದ್ದರು, ಮುಲಾಮು ಹಚ್ಚಲು.

ಸಾರಮ್ಮನಿಗೂ ಬರೆದೆ. ಎಲ್ಲವನ್ನೂ ಬರೆದೆ. ಉತ್ತರ ಬರಲು ಐದು ತಿಂಗಳಾಯಿತು. ಅವಳ ಕೈಯ ಅಕ್ಷರ, ದೊಡ್ಡದು, ಓರೆ. "ಟೀಚರಿಗೆ ಸಾರಮ್ಮ ಬರೆಯುದು. ನಿಮ್ಮ ಕಾಗದ ಬಂದು ಎರಡು ತಿಂಗಳು ನಾನು ಬರೆಯಲಿಲ್ಲ. ಸಿಟ್ಟು ಬಂದಿತ್ತು. ಡಾಕ್ಟರು ಹೇಳಿದಾಗ ನಾನು ನಂದಿಬಟ್ಟಲಿನ ನೀರು ಹಾಕಿ ಹಾಗಾದದ್ದು ಅಂತ ತಿಳಿದಿದ್ದೆ. ಹಡಗಿನಲ್ಲಿ ಇಡೀ ಅದನ್ನೇ ತಿಳಿದಿದ್ದೆ. ಇಲ್ಲಿ ಮೆಟ್ಟಿಲು ಹತ್ತಿ ಹೋಗುವ ಮನೆ. ಹೊಳೆಯ ನೀರು ಚಾದ ಹಾಗೆ ಉಂಟು. ಅವರು ಮಗಳ ಕೋಣೆ ಅಂತ ಒಂದು ಕೋಣೆಗೆ ಹಸಿರು ಬಣ್ಣ ಬಳಿದಿದ್ದರು. ಬೀಗ ಹಾಕಿದ್ದೇವೆ. ಮೈಮುಗೆ ಇಂಗ್ಲಿಷ್ ಕಲಿಸಿ. ಅವಳದ್ದು ಅವಳೇ ಓದಲಿ. ಬೇರೆಯವರ ಹತ್ತಿರ ಓದಿಸುದು ಬೇಡ."

ಆ ಕೊನೆಯ ಮಾತನ್ನು ಎಷ್ಟು ಸಲ ಓದಿದೆನೋ. ಅದರಲ್ಲಿದ್ದುದು ಸಿಟ್ಟೋ ನಂಬಿಕೆಯೋ ನನಗೆ ಇಂದಿಗೂ ಗೊತ್ತಿಲ್ಲ. ಮರುದಿನದಿಂದ ಮೈಮುಗೆ ಇಂಗ್ಲಿಷ್ ಅಕ್ಷರ ಶುರು ಮಾಡಿದೆ.

ಮುಂದಿನ ಮಳೆಗಾಲದ ಹೊತ್ತಿಗೆ ಅವಳ ಕಣ್ಣು ವಾಸಿಯಾಯಿತು. ಆದರೆ ಬರುವ ವರ್ಷ ಎಂದದ್ದು ಬರುವ ವರ್ಷ ಆಗಲಿಲ್ಲ. ಸಣ್ಣ ಮಗುವನ್ನು ಒಂಟಿಯಾಗಿ ಹಡಗಿನವರು ಹತ್ತಿಸುವುದಿಲ್ಲ. ಗಯಾನಕ್ಕೆ ಹೋಗುವವರು ನಮ್ಮ ಕಡೆ ಯಾರಿದ್ದರು? ಹಸೈನಾರ್ ಬಂದು ಕರೆದುಕೊಂಡು ಹೋದರೆ ಮಿಲ್ಲಿನ ಕೆಲಸ ಹೋಗುತ್ತದೆ. ಸಾರಮ್ಮ ಅಲ್ಲಿ ಮತ್ತೊಂದು ಹೆತ್ತಳು, ಅದು ಉಳಿಯಲಿಲ್ಲ. ಹೀಗೆ ನಾಲ್ಕು ವರ್ಷ ಹೋಯಿತು. ಮೈಮು ನನ್ನ ಚಾಪೆಯ ಪಕ್ಕದಲ್ಲೇ ಮಲಗುವುದು ರೂಢಿಯಾಯಿತು. ನನಗೆ ಎರಡು ಸಂಬಂಧ ಬಂದವು, ನಾನು ಒಪ್ಪಲಿಲ್ಲ. ಜ್ವರ ಬಂದಾಗ ಮೈಮು ಕೂಗುತ್ತಿದ್ದದ್ದು 'ಟೀಚರ್' ಎಂದು.

ಅವಳಿಗೆ ಹತ್ತು ದಾಟಿದ ವರ್ಷ ಮಂಗಳೂರಿನ ಒಬ್ಬ ನರ್ಸಿಗೆ ಗಯಾನದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಇದ್ದಿನಬ್ಬರು ಹೋಗಿ ಕೈಮುಗಿದು ಕೇಳಿದರು. ಅವರು ಒಪ್ಪಿದರು. ಈ ಸಲ ಮೈಮು ತಾನೇ ಆ ಇಂಗ್ಲಿಷ್ ಪುಸ್ತಕ ಹಿಡಿದುಕೊಂಡು ಕೂತಳು, ಗೊತ್ತಿಲ್ಲದ ಶಬ್ದಕ್ಕೆಲ್ಲ ಡಿಕ್ಷನರಿ ನೋಡಿದಳು. ಆ ಪುಟಕ್ಕೆ ಬಂದಾಗ ತಲೆಯೆತ್ತಿ ನನ್ನನ್ನು ನೋಡಿದಳು. ಅವಳಿಗೆ ಮನೆಯವರು ಯಾರೋ ಹೇಳಿದ್ದಿರಬೇಕು. ಆ ನಾಲ್ಕು ಸಾಲನ್ನು ಪೂರ್ತಿ ಓದಿ ಪುಟ ತಿರುಗಿಸಿದಳು. ಹೊರಡುವ ಹಿಂದಿನ ದಿನ, "ನಾನು ಹೋಗದಿದ್ರೆ ಆಗುದಿಲ್ವಾ ಟೀಚರ್?" ಎಂದಳು.

ಇರು ಎಂಬ ಮಾತು ಬಾಯಿಯವರೆಗೆ ಬಂದಿತ್ತು. "ಅಮ್ಮ ಕಾಯ್ತಾ ಇದ್ದಾರೆ" ಎಂದೆ.

ಮೂರು ತಿಂಗಳ ಮೇಲೆ ಅವಳ ಕಾಗದ ಬಂತು. ಬೀಪಾತುಮ್ಮನಿಗೆ ಆಗ ಮಂಡಿನೋವು, ಗೋಡೆಗೆ ಒರಗಿ ಕಾಲು ಚಾಚಿ ಕೂತಿರುವರು. ನಾನು ಪಕ್ಕದಲ್ಲಿ ಕೂತು ಓದಿದೆ.

"ಬಂದರದಲ್ಲಿ ತುಂಬ ಜನ ಇದ್ದರು. ಉಮ್ಮನನ್ನು ನಾನು ಕೂಡಲೇ ಗುರುತು ಹಿಡಿದೆ, ಫೋಟೋ ನೋಡಿ ಗೊತ್ತಿತ್ತು. ಉಮ್ಮ ಅಪ್ಪನ ಮುಂದೆ ನಿಂತಿದ್ದರು. ನಾನು ಹತ್ತಿರ ಹೋದೆ. ಅವರು ನನ್ನನ್ನು ದಾಟಿ ಹಿಂದೆ ನೋಡುತ್ತಿದ್ದರು. ಹಡಗಿನಿಂದ ಇಳಿಯುವ ಸಣ್ಣ ಸಣ್ಣ ಮಕ್ಕಳನ್ನು ಒಬ್ಬೊಬ್ಬರನ್ನೇ ನೋಡುತ್ತಿದ್ದರು. ಉಮ್ಮ, ನಾನು ಇಲ್ಲಿದ್ದೇನೆ ಅಂತ ಹೇಳಿದೆ."

ಬೀಪಾತುಮ್ಮ ಕೈ ಎತ್ತಿದರು. "ಸಾಕು ಮಗಳೇ. ಉಳಿದದ್ದು ನಾಳೆ ಓದುವ."

ನಾನು ಕಾಗದ ಮಡಚಿದೆ. ಅದರ ಕೆಳಗೆ ಇನ್ನು ಸ್ವಲ್ಪವೇ ಇತ್ತು. ಅಮ್ಮ ಅವಳ ಮುಖವನ್ನು ಬಹಳ ಹೊತ್ತು ನೋಡಿ, ಎಷ್ಟು ಉದ್ದ ಆಗಿದ್ದಿ ಎಂದದ್ದು. ಆಮೇಲೆ ಅಪ್ಪನೇ ಪೆಟ್ಟಿಗೆ ಹೊತ್ತು ಮುಂದೆ ನಡೆದದ್ದು. ಹಸಿರು ಕೋಣೆಯ ಮಂಚ ಅವಳಿಗೆ ಗಿಡ್ಡವಾಗಿ, ಕಾಲು ಮಡಚಿ ಮಲಗುತ್ತಿರುವುದು.

ಮರುದಿನ ಬೀಪಾತುಮ್ಮ ಕೇಳಲಿಲ್ಲ. ಅದರ ಮರುದಿನವೂ ಕೇಳಲಿಲ್ಲ. ಆ ಜೂನಿನಲ್ಲಿ ನನಗೆ ಕಡಬದ ಕಡೆಯ ಶಾಲೆಗೆ ವರ್ಗವಾಯಿತು. ಹೊರಡುವ ದಿನ ಕಾಗದವನ್ನು ಅವರ ತಲೆದಿಂಬಿನ ಪಕ್ಕದಲ್ಲಿಟ್ಟು, "ಇದ್ದಿನಬ್ಬರ ಹತ್ರ ಓದಿಸಿ" ಎಂದೆ. ಅವರು ಅದನ್ನು ಎತ್ತಿ ನನ್ನ ಕೈಗೇ ಕೊಟ್ಟರು.

"ನಿನ್ನ ಹತ್ರವೇ ಇರ್ಲಿ ಮಗಳೇ" ಎಂದರು. "ನಿನಗೂ ಯಾರಿದ್ದಾರೆ?"